ಗಾಜಿನ ಮೈ, ಮನೆಯ ಅಚ್ಚು: ಫೈಬರ್ ಗ್ಲಾಸ್ ಕಾರಿನ ಕಥೆ



ಪೌರಾಣಿಕ ಧಾರಾವಾಹಿಗಳಲ್ಲಿ ಬರುವ ಕಲ್ಲಿನ ಕಂಬಗಳನ್ನು ನೀವೆಲ್ಲ ನೋಡಿದ್ದೀರಿ. ಪರದೆಯ ಮೇಲೆ ಅವು ಹೊಯ್ಸಳರ ಕಾಲದವೇ ಎನ್ನುವಷ್ಟು ಭಾರವಾಗಿ ಕಾಣುತ್ತವೆ. ಚಿತ್ರೀಕರಣ ಮುಗಿದ ಮೇಲೆ ನಮ್ಮ ಸ್ಟುಡಿಯೋದ ಹುಡುಗನೊಬ್ಬ ಅಂಥ ಕಂಬವನ್ನು ಒಂದೇ ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚಹಾದ ಲೋಟ ಹಿಡಿದು ಹೊರಟುಬಿಡುತ್ತಾನೆ. ಕಾರಣ ಇಷ್ಟೆ: ಅದು ಕಲ್ಲಲ್ಲ, 'ಫೈಬರ್'. ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟುರಾಳದಲ್ಲಿ ಅದ್ದಿ, ಅಚ್ಚಿನ ಮೇಲೆ ಪದರ ಪದರವಾಗಿ ಹಚ್ಚಿ ಒಣಗಿಸಿದ ಚಿಪ್ಪು.

ಇದೇ ಚಿಪ್ಪಿನಿಂದ ಒಂದು ಕಾಲದಲ್ಲಿ ಸಾಮಾನ್ಯ ಜನ ತಮ್ಮ ಮನೆಯ ಹಿತ್ತಲಿನಲ್ಲಿ ಸ್ಪೋರ್ಟ್ಸ್ ಕಾರುಗಳನ್ನು ಕಟ್ಟಿದರು. ದೊಡ್ಡ ಕಾರ್ಖಾನೆಗಳಷ್ಟೇ ಮಾಡಬಲ್ಲ ಕೆಲಸ ಎಂದು ಎಲ್ಲರೂ ನಂಬಿದ್ದುದು ಗ್ಯಾರೇಜಿಗೆ ಹೇಗೆ ಬಂತು? ಬಂದದ್ದು ಏಕೆ ಎಲ್ಲ ಕಡೆ ನಿಲ್ಲಲಿಲ್ಲ? ಈ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋದ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಒಡೆಯುವ ಗಾಜು, ಒಡೆಯದ ಎಳೆ

ಗಾಜು ಎಂದರೆ ಒಡೆಯುವ ವಸ್ತು ಎಂಬುದು ನಮ್ಮ ಅನುಭವ. ಹಾಗಾದರೆ ಗಾಜಿನ ಕಾರು ಹೇಗೆ ಸಾಧ್ಯ? ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ. ಎ. ಗ್ರಿಫಿತ್ ಎಂಬ ಎಂಜಿನಿಯರ್ 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಎಳೆದಾಗ ಬಲವೆಲ್ಲ ಆ ಬಿರುಕಿನ ತುದಿಯಲ್ಲಿ ಸೇರಿಕೊಂಡು ಗಾಜು ಒಡೆಯುತ್ತದೆ. ಆದರೆ ಗಾಜನ್ನು ತೆಳ್ಳಗೆ ಎಳೆದಷ್ಟೂ ದೊಡ್ಡ ಬಿರುಕಿಗೆ ಅದರಲ್ಲಿ ಜಾಗವಿರುವುದಿಲ್ಲ. ಕೂದಲಿಗಿಂತ ತೆಳುವಾದ ಗಾಜಿನ ಎಳೆ ದಪ್ಪ ಗಾಜಿಗಿಂತ ಹಲವು ಪಟ್ಟು ಗಟ್ಟಿ ಎಂಬುದನ್ನು ಅವರು ಪ್ರಯೋಗದಿಂದ ತೋರಿಸಿದರು.

ಆದರೆ ಅಂಥ ಎಳೆಗಳನ್ನು ಅಗ್ಗವಾಗಿ ತಯಾರಿಸುವುದು ಹೇಗೆ? ಅದಕ್ಕೆ ದಾರಿ ತೋರಿದ್ದು ಒಂದು ಆಕಸ್ಮಿಕ. ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ 1932ರಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಎರಡು ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದ. ರಭಸದ ಗಾಳಿ ಕರಗಿದ ಗಾಜಿಗೆ ತಗುಲಿ ನವಿರಾದ ಎಳೆಗಳು ಹಾರಿದವು. ಕೆಟ್ಟುಹೋದ ಪ್ರಯೋಗ ಎಂದು ಅದನ್ನು ಕೈಬಿಡಲಿಲ್ಲ. ಗೇಮ್ಸ್ ಸ್ಲೇಟರ್ ಎಂಬ ಎಂಜಿನಿಯರ್ ಅದನ್ನೇ ಒಂದು ತಯಾರಿಕಾ ವಿಧಾನವಾಗಿ ಬೆಳೆಸಿದರು. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಎಂಬ ಹೊಸ ಕಂಪನಿಯೇ ಹುಟ್ಟಿತು.

ಎಳೆಗಳನ್ನು ಹಿಡಿದಿಡಲು ಅಂಟು ಬೇಕು. ಆ ಪಾತ್ರವನ್ನು ವಹಿಸಿದ್ದು ಪಾಲಿಯೆಸ್ಟರ್ ರೆಸಿನ್. ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುವ ಈ ರಾಳಕ್ಕೆ ನೂರಕ್ಕೆ ಒಂದೆರಡು ಪಾಲು ಪೆರಾಕ್ಸೈಡ್ ಬೆರೆಸಿದರೆ, ಬಿಡಿಬಿಡಿಯಾಗಿದ್ದ ಅಣುಸರಪಳಿಗಳು ಅಡ್ಡಡ್ಡ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಕುಲುಮೆ ಬೇಡ, ಒತ್ತುವ ಯಂತ್ರವೂ ಬೇಡ, ಕೋಣೆಯ ಉಷ್ಣತೆಯೇ ಸಾಕು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ರೇಡಾರಿನ ಮುಚ್ಚಳಗಳಿಗೆ ಈ ವಸ್ತು ಹೇಳಿಮಾಡಿಸಿದಂತಿತ್ತು. ರೇಡಿಯೋ ಅಲೆಗಳು ಲೋಹವನ್ನು ದಾಟಲಾರವು, ಇದನ್ನು ದಾಟುತ್ತವೆ. 1942ರಲ್ಲಿ ಟೊಲಿಡೋ ನಗರದ ರೇ ಗ್ರೀನ್ ಎಂಬವರು ಇದರಿಂದ ಒಂದು ಪುಟ್ಟ ದೋಣಿಯನ್ನೂ ಮಾಡಿದರು.

ದೋಣಿ ಮಾಡುವವನ ಕಾರು

ದೋಣಿಯಿಂದ ಕಾರಿಗೆ ಒಂದೇ ಹೆಜ್ಜೆ. ಕ್ಯಾಲಿಫೋರ್ನಿಯಾದಲ್ಲಿ ಫೈಬರ್ ದೋಣಿಗಳನ್ನು ಮಾಡುತ್ತಿದ್ದ ಬಿಲ್ ಟ್ರಿಟ್ ಎಂಬವರ ಬಳಿಗೆ ಕೆನ್ ಬ್ರೂಕ್ಸ್ ಎಂಬ ಸೇನಾಧಿಕಾರಿ ಬಂದರು. ಅವರ ಹೆಂಡತಿಯ ಜೀಪಿಗೆ ಚೆಂದದ ಮೈ ಬೇಕಾಗಿತ್ತು. ಟ್ರಿಟ್ ದೋಣಿ ಮಾಡುವ ಕ್ರಮದಲ್ಲೇ ಅದನ್ನು ಮಾಡಿಕೊಟ್ಟರು. 1951ರ ಲಾಸ್ ಏಂಜಲಿಸ್ ಪ್ರದರ್ಶನದಲ್ಲಿ ಅದು ಜನರ ಕಣ್ಣು ಸೆಳೆಯಿತು. 1952ರಲ್ಲಿ 'ಲೈಫ್' ಪತ್ರಿಕೆ ಇಂಥ ಕಾರುಗಳ ಬಗ್ಗೆ ಸಚಿತ್ರ ಲೇಖನ ಪ್ರಕಟಿಸಿತು. ಅದೇ ಅಚ್ಚಿನಿಂದ ಹೊರಬಂದ 'ಗ್ಲಾಸ್‌ಪಾರ್ ಜಿ2' ಎಂಬ ಮೈಯನ್ನು ಕೊಂಡವರು ಹಳೆಯ ಕಾರಿನ ಚಾಸಿಸ್‌ಗೆ ತಾವೇ ಕೂರಿಸಿಕೊಳ್ಳತೊಡಗಿದರು.

ಮನೆಯಲ್ಲಿ ಮಾಡುವವರ ಕ್ರಮ ಹೀಗಿರುತ್ತಿತ್ತು. ಮೊದಲು ಮರ, ಪ್ಲಾಸ್ಟರ್‌ಗಳಿಂದ ಕಾರಿನ ಪೂರ್ಣ ಆಕಾರದ ಮಾದರಿ. ಅದನ್ನು ಉಜ್ಜಿ ಉಜ್ಜಿ ಕನ್ನಡಿಯಂತೆ ಮಾಡಬೇಕು, ಏಕೆಂದರೆ ಅದರ ಮೇಲಿನ ಒಂದು ಗೀರು ಪ್ರತಿಯೊಂದು ಕಾರಿನ ಮೇಲೂ ಮೂಡುತ್ತದೆ. ಮೇಲೆ ಮೇಣ ಸವರಿ, ಫೈಬರ್ ಹಚ್ಚಿ ಅಚ್ಚು ತೆಗೆಯಬೇಕು. ಅಚ್ಚಿನ ಒಳಮೈಗೆ ಮತ್ತೆ ಮೇಣ, ಅದರ ಮೇಲೆ ನುಣುಪಾದ ಜೆಲ್‌ಕೋಟ್. ನಂತರ ಗಾಜಿನ ಮ್ಯಾಟ್ ಹಾಸಿ, ರೆಸಿನ್ ಸುರಿದು, ಬ್ರಷ್ ಮತ್ತು ರೋಲರ್‌ಗಳಿಂದ ಗಾಳಿಗುಳ್ಳೆಗಳನ್ನು ಹೊರಹಾಕಬೇಕು. ಉಳಿದ ಒಂದು ಗುಳ್ಳೆ ಮುಂದೊಂದು ದಿನ ಬಿಸಿಲಿಗೆ ಒಡೆದು ಬಣ್ಣವನ್ನು ಕೆಡಿಸುತ್ತದೆ. ಹಳೆಯ ಕಾರನ್ನು ದುರಸ್ತಿ ಮಾಡುವವರ ಅನುಭವವೂ ಇದೇ. ಜೇಡರಬಲೆಯಂತೆ ಬಿರುಕು ಬಿಟ್ಟ ಜಾಗಕ್ಕೆ ಮೇಲಿನಿಂದ ಪುಟ್ಟಿ ಮೆತ್ತಿದರೆ ಬಿರುಕು ಮತ್ತೆ ಮೇಲೇಳುತ್ತದೆ. ಹಾಳಾದ ಭಾಗವನ್ನು ಇಳಿಜಾರಾಗಿ ಉಜ್ಜಿ ತೆಗೆದು, ಒಳಗಿನಿಂದ ಹೊಸ ಪದರ ಹಚ್ಚಿದರೆ ಮಾತ್ರ ಅದು ನಿಲ್ಲುತ್ತದೆ.

ದೊಡ್ಡವರೂ ಕಲಿತರು

ಈ ಸಣ್ಣ ಗ್ಯಾರೇಜುಗಳ ಕೆಲಸವನ್ನು ಜನರಲ್ ಮೋಟಾರ್ಸ್ ಕಂಪನಿಯೂ ಗಮನಿಸಿತು. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಅದು 'ಕಾರ್ವೆಟ್' ಎಂಬ ಸ್ಪೋರ್ಟ್ಸ್ ಕಾರನ್ನು ಪ್ರದರ್ಶಿಸಿತು. ಆ ವರ್ಷದ ಜೂನ್ 30ರಂದು ಮಿಷಿಗನ್‌ನ ಫ್ಲಿಂಟ್ ನಗರದಲ್ಲಿ ತಯಾರಿಕೆ ಶುರುವಾಯಿತು. ಮೊದಲ ವರ್ಷ ಹೊರಬಂದದ್ದು ಕೇವಲ 300 ಕಾರು. ಎಲ್ಲವೂ ಬಿಳಿ ಬಣ್ಣ, ಒಳಗೆ ಕೆಂಪು.

ಉಕ್ಕಿಗೆ ಒಗ್ಗಿದ ಎಂಜಿನಿಯರುಗಳಿಗೆ ಇಲ್ಲಿ ಹೊಸ ಪಾಠಗಳಿದ್ದವು. ಉಕ್ಕಿನ ಕಾರಿನಲ್ಲಿ ಮೈಯೇ ವಿದ್ಯುತ್ತಿಗೆ ಹಿಂದಿರುಗುವ ದಾರಿ. ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ತಂತಿ ಎಳೆಯಬೇಕಾಯಿತು. ಎಂಜಿನ್ನಿನ ಕಿಡಿಯ ಗದ್ದಲವನ್ನು ತಡೆಯಲು ಲೋಹದ ಗೋಡೆಯೂ ಇರಲಿಲ್ಲ, ಕಿಡಿಯ ಭಾಗಗಳಿಗೆ ಬೇರೆ ಕವಚ ಹಾಕಬೇಕಾಯಿತು. ಆದರೆ ಅದೇ ಗುಣದಿಂದ ಒಂದು ಲಾಭವೂ ಆಯಿತು. ರೇಡಿಯೋ ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಜಾಲರಿಯಾಗಿ ಅಡಗಿಸಿಟ್ಟರು!

ಅಚ್ಚು ಯಾರದು?

ಇತ್ತ ಗ್ಯಾರೇಜಿನವರೂ ಸುಮ್ಮನೆ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ಬಿಲ್ ಡೆವಿನ್ ಹಲವು ಅಳತೆಯ ಚಾಸಿಸ್‌ಗಳಿಗೆ ಹೊಂದುವ ಮೈಗಳನ್ನು ಮಾಡಿ 295 ಡಾಲರಿಗೆ ಮಾರಿದರು. 1964ರಲ್ಲಿ ಬ್ರೂಸ್ ಮೇಯರ್ಸ್, ಅವರೂ ದೋಣಿ ಕಟ್ಟಿದವರೇ, ಫೋಕ್ಸ್‌ವ್ಯಾಗನ್ ಬೀಟಲ್‌ನ ಭಾಗಗಳನ್ನು ಬಳಸಿ ಮರಳ ದಿಬ್ಬಗಳ ಮೇಲೆ ಓಡುವ 'ಮೇಯರ್ಸ್ ಮ್ಯಾಂಕ್ಸ್' ಎಂಬ ಪುಟ್ಟ ಬಗ್ಗಿ ಕಟ್ಟಿದರು. 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯನ್ನು ಅದು ಮೋಟಾರ್‌ಸೈಕಲ್ಲಿನ ದಾಖಲೆಗಿಂತ ಐದು ಗಂಟೆ ಬೇಗ ದಾಟಿತು.

ಯಶಸ್ಸಿನ ಬೆನ್ನಿಗೇ ತೊಂದರೆಯೂ ಬಂತು. ಫೈಬರ್ ಕಾರೊಂದನ್ನು ಕೊಂಡು, ಅದಕ್ಕೇ ಮೇಣ ಸವರಿ ಅಚ್ಚು ತೆಗೆದರೆ ನಾಳೆಯಿಂದ ನಿಮ್ಮ ಅಂಗಡಿಯಲ್ಲೂ ಅದೇ ಕಾರು! ಹತ್ತಾರು ಮಂದಿ ಹಾಗೆಯೇ ಮಾಡಿದರು. ಮೇಯರ್ಸ್ ತಮ್ಮ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದರು, ಆದರೆ ಪೇಟೆಂಟ್ ಉಳಿಯಲಿಲ್ಲ. ಸಾಮಾನ್ಯನಿಗೆ ಕಾರು ಕಟ್ಟುವ ಸ್ವಾತಂತ್ರ್ಯ ಕೊಟ್ಟ ಸುಲಭ ವಿಧಾನವೇ ಆ ಸಾಮಾನ್ಯನ ಸ್ವಂತ ಕಲ್ಪನೆಗೆ ಕಾವಲಿಲ್ಲದಂತೆ ಮಾಡಿತು. ಈ ಪ್ರಶ್ನೆ ಕಂಪ್ಯೂಟರ್ ಯುಗದ ನಿಮಗೆ ಹೊಸದೇನಲ್ಲ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಾರು ಕಟ್ಟುವುದಕ್ಕೆ ಇನ್ನೊಂದು ಪ್ರೇರಣೆಯಿತ್ತು: ತೆರಿಗೆ. ಸಿದ್ಧ ಕಾರಿಗೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳ ಕಿಟ್ ಕೊಂಡು ತಾವೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. 1957ರ ಲಂಡನ್ ಪ್ರದರ್ಶನದಲ್ಲಿ ಕಂಡ 'ಲೋಟಸ್ ಎಲೀಟ್' ಇನ್ನೂ ಮುಂದೆ ಹೋಯಿತು. ಅದರಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ, ಫೈಬರ್ ಚಿಪ್ಪೇ ಕಾರಿನ ಅಸ್ಥಿಪಂಜರ. 1973ರಲ್ಲಿ ಖರೀದಿ ತೆರಿಗೆಯ ಬದಲು ಮೌಲ್ಯವರ್ಧಿತ ತೆರಿಗೆ ಬಂದಾಗ ಕಿಟ್‌ಗಳ ಆ ಅನುಕೂಲ ಮುಗಿಯಿತು.

ಬೆಂಗಳೂರಿನ ಅಧ್ಯಾಯ

ಈ ಕಥೆಯ ಒಂದು ಅಧ್ಯಾಯ ನಮ್ಮಲ್ಲೇ ನಡೆಯಿತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ 'ಬಾದಲ್' ಎಂಬ ಮೂರು ಚಕ್ರದ ಫೈಬರ್ ಕಾರು ತಯಾರಾಯಿತು. ಬಳಿಕ ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆ ಇಂಗ್ಲೆಂಡಿನ ರಿಲಯಂಟ್ ಕಂಪನಿಯ 'ಕಿಟನ್' ಕಾರನ್ನು ಆಧರಿಸಿ 1982ರ ಹೊತ್ತಿಗೆ 'ಡಾಲ್ಫಿನ್' ಹೊರತಂದಿತು. ಅದರ ಮೈಯೂ ಫೈಬರ್. ಹಗುರವಾದ್ದರಿಂದ ರೇಸ್ ಓಡಿಸುವವರು ಅದನ್ನು ಮೆಚ್ಚಿದರು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ಉಕ್ಕಿನ ಹಾಳೆಯನ್ನು ಒತ್ತುವ ಅಚ್ಚಿಗೆ ಅಪಾರ ಹಣ ಬೇಕು, ಆದರೆ ಒಮ್ಮೆ ಮಾಡಿದರೆ ಕೆಲವು ಕ್ಷಣಕ್ಕೊಂದು ಬಾಗಿಲು ಬೀಳುತ್ತದೆ. ಫೈಬರ್ ಅಚ್ಚು ಅಗ್ಗ, ಆದರೆ ಕೈಯಲ್ಲಿ ಹಚ್ಚಿ ಒಣಗಿಸಿ ತೆಗೆಯುವಷ್ಟರಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ನೂರು ಕಾರಿಗೆ ಫೈಬರ್ ಲಾಭ, ಲಕ್ಷ ಕಾರಿಗೆ ಉಕ್ಕು ಲಾಭ. ಡಾಲ್ಫಿನ್ ಹಿಂದೆ ಬಿದ್ದುದಕ್ಕೆ ಕಾರಣಗಳು ಹಲವಿರಬಹುದು. ಈ ಲೆಕ್ಕವಂತೂ ಅದರ ಪರವಾಗಿರಲಿಲ್ಲ.

ಕೈಗಳ ಲೆಕ್ಕ

ಇನ್ನೊಂದು ಲೆಕ್ಕ ಉಳಿದಿದೆ. ಬಿ.ಎಸ್ಸಿ. ಓದುವಾಗ ಗೆಳೆಯನ ಬೈಕಿನ ಒಡೆದ ಡೂಮ್ ಸರಿಮಾಡಲು ನಾನು ರೆಸಿನ್ ತಂದಿದ್ದೆ. ಬೇಗ ಒಣಗಲಿ ಎಂದು ಹಾರ್ಡ್‌ನರ್ ಧಾರಾಳವಾಗಿ ಸುರಿದೆ. ಕೆಲವೇ ನಿಮಿಷಗಳಲ್ಲಿ ಮಗ್ ಹೊಗೆಯಾಡಿ ಸೊಟ್ಟಗಾಯಿತು. ಅಣುಗಳು ಹೆಣೆದುಕೊಳ್ಳುವಾಗ ಶಾಖ ಹೊಮ್ಮುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನೇ ನಾನು! ಆ ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಅದನ್ನು ಕೋಬಾಲ್ಟ್ ದ್ರವದೊಂದಿಗೆ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟವೂ ಆಗಬಹುದು. ಸ್ಟೈರೀನ್ ಬಹುಶಃ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ವರ್ಗೀಕರಿಸಿತು. ಉಕ್ಕಿನ ಕಾರು ಕೊನೆಗೆ ಗುಜರಿಗೆ ಹೋಗಿ ಕರಗಿ ಮತ್ತೆ ಉಕ್ಕಾಗುತ್ತದೆ. ಒಮ್ಮೆ ಹೆಣೆದುಕೊಂಡ ಈ ರಾಳ ಮತ್ತೆ ಕರಗುವುದಿಲ್ಲ.

ಈ ಮಾತುಕತೆಗಾಗಿ ನಾವು ಸ್ಟುಡಿಯೋದ ಕಂಬಗಳನ್ನು ಮಾಡಿಕೊಡುವ ಶೆಡ್ಡಿನಲ್ಲಿ ಚಿತ್ರೀಕರಣ ನಡೆಸಿದೆವು. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಮುಖಕ್ಕೆ ಕರ್ಚೀಫು ಕಟ್ಟಿಕೊಂಡು, ಬರಿಗೈಯಲ್ಲಿ ಫೈಬರ್ ಉಜ್ಜುತ್ತಿದ್ದ. ಬೆಳಕಿನಲ್ಲಿ ದೂಳು ಮಂಜಿನಂತೆ ಸೊಗಸಾಗಿ ಕಾಣುತ್ತಿತ್ತು. "ಮನೆಗೆ ಹೋಗಿ ಸ್ನಾನ ಮಾಡಿದ್ರೂ ನವೆ ನಿಲ್ಲಲ್ಲ ಸಾರ್" ಎಂದ. ಸಂಕಲನದಲ್ಲಿ ಸಮಯ ಸಾಲದೆ ನಾನು ದೂಳಿನ ದೃಶ್ಯ ಉಳಿಸಿಕೊಂಡು ಅವನ ಮಾತನ್ನು ಕತ್ತರಿಸಿದೆ. ಪ್ರಸಾರವಾದ ರಾತ್ರಿಯಿಂದ ಅದು ನನ್ನ ಮನಸ್ಸನ್ನು ಕೊರೆಯುತ್ತಿದೆ. ಅದಕ್ಕೇ ಅವನ ಮಾತನ್ನು ಇಲ್ಲಿ ಮುದ್ರಿಸಿದ್ದೇನೆ.

ಕಾರ್ವೆಟ್‌ನ ಹೊರಮೈ ಇಂದಿಗೂ ಉಕ್ಕಿನದಲ್ಲ. ಮ್ಯಾಂಕ್ಸ್, ಎಲೀಟ್‌ಗಳನ್ನು ಹವ್ಯಾಸಿಗಳು ಇಂದಿಗೂ ತಮ್ಮ ಗ್ಯಾರೇಜುಗಳಲ್ಲಿ ಜೋಪಾನ ಮಾಡುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಅಚ್ಚು ಮಾಡಿ ನೋಡುವ ಆಸೆ ಹುಟ್ಟಿದರೆ ಅದು ಒಳ್ಳೆಯ ಆಸೆಯೇ. ತಿಳಿದವರನ್ನು ಜೊತೆಗಿಟ್ಟುಕೊಂಡು, ಗಾಳಿಯಾಡುವ ಜಾಗದಲ್ಲಿ, ಕನ್ನಡಕ, ಕೈಗವಸು ಮತ್ತು ರಾಸಾಯನಿಕ ಆವಿಯನ್ನು ತಡೆಯುವ ಸರಿಯಾದ ಮಾಸ್ಕ್ ಧರಿಸಿಯೇ ಶುರುಮಾಡಿ. ನಿಮ್ಮ ಊರಿನ ಫೈಬರ್ ಶೆಡ್ಡಿಗೆ ಹೋದರೆ, ಅಲ್ಲಿ ಕೆಲಸ ಮಾಡುವವರಿಗೂ ಅವು ಇವೆಯೇ ಎಂದು ಒಮ್ಮೆ ಕೇಳಿ.