ಮಂಜುಗಡ್ಡೆಯ ಕೆಳಗಿನ ದಾರ ಮತ್ತು ನನ್ನದೊಂದು ಹಳೆಯ ತಪ್ಪು



ಕಳೆದ ಚಳಿಗಾಲವನ್ನು ನಾನೂ ನನ್ನ ಶ್ರೀಮತಿಯೂ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಕಳೆದೆವೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಅಲ್ಲಿನ ಸರೋವರಗಳು ಡಿಸೆಂಬರ್ ವೇಳೆಗೆ ಹೆಪ್ಪುಗಟ್ಟುತ್ತವೆ. ಜನರು ಆ ಮಂಜುಗಡ್ಡೆಯ ಮೇಲೆ ನಡೆದುಹೋಗಿ, ದೊಡ್ಡ ಬೈರಿಗೆಯಿಂದ ರಂಧ್ರ ಕೊರೆದು, ಅದರ ಪಕ್ಕದಲ್ಲಿ ಕುಳಿತು ಮೀನು ಹಿಡಿಯುತ್ತಾರೆ. ನನ್ನ ಅಳಿಯ ಈ ಹವ್ಯಾಸವನ್ನು ಅಲ್ಲಿಯೇ ಕಲಿತವನು. ಜನವರಿಯ ಒಂದು ಶನಿವಾರ ಅವನು, "ಮಾವ, ನೀವೂ ಬನ್ನಿ. ಮೊದಲು ಅಂಗಡಿಗೆ ಹೋಗಿ ದಾರ ತಗೊಳ್ಳೋಣ" ಎಂದು ನನ್ನನ್ನೂ ಹತ್ತು ವರ್ಷದ ಮೊಮ್ಮಗನನ್ನೂ ಹೊರಡಿಸಿದ.

ಅಂಗಡಿಯ ಒಂದು ಗೋಡೆಯ ತುಂಬ ಗಾಳದ ದಾರಗಳೇ ಇದ್ದವು. ನನ್ನ ಬಾಲ್ಯದಲ್ಲಿ ಊರ ಕೆರೆಯ ಏರಿಯ ಮೇಲೆ ಕುಳಿತು, ಬಿದಿರ ಕಡ್ಡಿಗೆ ಹತ್ತಿಯ ಹುರಿ ಕಟ್ಟಿ, ಬೆಂಡು ಮುಳುಗುವುದನ್ನೇ ಕಾಯುತ್ತಿದ್ದ ನನಗೆ ದಾರದಲ್ಲಿ ಇಷ್ಟು ಬಗೆಗಳಿರಬಹುದೆಂಬ ಕಲ್ಪನೆಯೇ ಇರಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ಸುಮ್ಮನಿರಬೇಕಲ್ಲ. ನೈಲಾನ್ ದಾರದ ಸುರುಳಿಯೊಂದನ್ನು ಕೈಗೆತ್ತಿಕೊಂಡು, "ಇದನ್ನು ನ್ಯೂಯಾರ್ಕ್ ಮತ್ತು ಲಂಡನ್ ಎರಡೂ ಕಡೆ ಏಕಕಾಲಕ್ಕೆ ಕಂಡುಹಿಡಿದರು. ನ್ಯೂಯಾರ್ಕಿನ 'ಎನ್‌ವೈ', ಲಂಡನ್ನಿನ 'ಎಲ್‌ಓಎನ್' ಸೇರಿ ನೈಲಾನ್ ಆಯಿತು" ಎಂದು ಮೊಮ್ಮಗನಿಗೆ ಪಾಠ ಮಾಡಿದೆ. ಅವನು ಅಪ್ಪನ ಫೋನನ್ನು ಪಡೆದು ಒಂದು ನಿಮಿಷ ನೋಡಿ, "ತಾತ, ಅದು ತಪ್ಪಂತೆ" ಎಂದ.

ಮೂವತ್ತಕ್ಕೂ ಹೆಚ್ಚು ವರ್ಷ ಹತ್ತನೆಯ ತರಗತಿಗೆ ನಾನು ಇದನ್ನೇ ಹೇಳಿದ್ದೇನೆ. ನಿಮ್ಮಲ್ಲಿ ಎಷ್ಟೋ ಮಂದಿ ಇದನ್ನು ನಿಮ್ಮ ಮಕ್ಕಳಿಗೂ ಹೇಳಿರಬಹುದು. ಆದುದರಿಂದ ಆ ದಿನದ ಮೀನು ಬೇಟೆಯ ನೆಪದಲ್ಲಿ ಗಾಳದ ದಾರದ ಚರಿತ್ರೆಯನ್ನು ಹೇಳಿ, ನನ್ನ ತಪ್ಪನ್ನೂ ತಿದ್ದಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲು, ಹಿಮದ ಮೇಲಿನ ಗಾಳಕ್ಕೆ ದಾರವನ್ನು ಅಷ್ಟು ಎಚ್ಚರಿಕೆಯಿಂದ ಏಕೆ ಆರಿಸಬೇಕು ಎಂಬುದನ್ನು ನೋಡೋಣ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ ಎಂದು ಕಲಿತದ್ದು ನಿಮಗೆ ನೆನಪಿರಬೇಕು. ಅದಕ್ಕಿಂತ ತಣ್ಣಗಿನ ನೀರು ಹಗುರವಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ, ಕೆಳಗಿನ ನೀರು ದ್ರವವಾಗಿಯೇ ಇರುತ್ತದೆ. ಅಲ್ಲಿ ಮೀನು ಬದುಕಿರುತ್ತದೆ, ಆದರೆ ಆ ಚಳಿಯಲ್ಲಿ ಅದರ ಚಟುವಟಿಕೆ ಮಂದವಾಗಿರುತ್ತದೆ. ಅದು ಗಾಳವನ್ನು ಎಳೆದುಕೊಂಡು ಓಡುವುದಿಲ್ಲ, ಮೆಲ್ಲನೆ ತುಟಿ ತಾಗಿಸುತ್ತದೆ. ಆ ಸೂಕ್ಷ್ಮ ಅಲುಗಾಟವನ್ನು ಕೈಗೆ ಮುಟ್ಟಿಸಬೇಕಾದದ್ದು ದಾರ. ರಂಧ್ರದ ಪಕ್ಕದಲ್ಲಿಯೇ ಕುಳಿತುಕೊಳ್ಳುವುದರಿಂದ ಕೋಲು ಎರಡು ಮೂರು ಅಡಿಗಿಂತ ಉದ್ದವಿರುವುದಿಲ್ಲ, ರೀಲೂ ಪುಟ್ಟದು. ಪುಟ್ಟ ರೀಲಿಗೆ ಸುತ್ತಿದ ದಾರ ಚಳಿಯಲ್ಲಿ ಸುರುಳಿಯಾಗಿಯೇ ಉಳಿಯುತ್ತದೆ, ಬಿಟ್ಟರೂ ನೆಟ್ಟಗಾಗುವುದಿಲ್ಲ. ನೀರಿನಿಂದ ಮೇಲೆ ಬಂದ ಒದ್ದೆ ದಾರ ಕ್ಷಣದಲ್ಲಿ ಹೆಪ್ಪುಗಟ್ಟಿ, ಕೋಲಿನ ಮೇಲಿರುವ ಸಣ್ಣ ಬಳೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ನೀರು ಕುಡಿಯದ, ಚಳಿಗೆ ಸೆಟೆಯದ, ಮೀನಿನ ಕಣ್ಣಿಗೆ ಬೀಳದ, ಎಳೆದರೆ ಹಿಗ್ಗದ ದಾರ ಬೇಕು. ಈ ನಾಲ್ಕು ಗುಣಗಳೂ ಒಂದೇ ದಾರದಲ್ಲಿ ಇಂದಿಗೂ ಪೂರ್ಣವಾಗಿ ಸೇರಿಲ್ಲ.

ಈ ಸಮಸ್ಯೆಯನ್ನು ಮೊದಲು ಎದುರಿಸಿದವರು ಉತ್ತರದ ಹಿಮಪ್ರದೇಶಗಳ ಮೂಲನಿವಾಸಿಗಳು. ಮಿನ್ನೆಸೋಟ ಭಾಗದ ಒಜಿಬ್ವೆ ಜನರು ಮಂಜುಗಡ್ಡೆಯ ಮೇಲೆ ಕತ್ತಲೆಯ ಮರೆ ಕಟ್ಟಿಕೊಂಡು, ಮರದಲ್ಲಿ ಕೆತ್ತಿದ ಮೀನನ್ನು ನೀರಿನಲ್ಲಿ ಆಡಿಸಿ, ಹತ್ತಿರ ಬಂದ ದೊಡ್ಡ ಮೀನನ್ನು ಈಟಿಯಿಂದ ತಿವಿಯುತ್ತಿದ್ದರು. ಇನ್ನೂ ಉತ್ತರಕ್ಕೆ, ಅಲಾಸ್ಕದ ಕರಾವಳಿಯ ಜನರು ಪ್ರಾಣಿಗಳ ಸ್ನಾಯುವಿನ ನಾರನ್ನಲ್ಲದೆ, ತಿಮಿಂಗಿಲದ ಬಾಯಿಯಲ್ಲಿ ಹಲ್ಲಿನ ಬದಲು ಜಾಲರಿಯಂತೆ ಇಳಿಬಿದ್ದಿರುವ ಬಲೀನ್ ಎಂಬ ಪಟ್ಟೆಯನ್ನು ಸೀಳಿ, ಎಳೆಗೆ ಎಳೆ ಗಂಟುಹಾಕಿ ಗಾಳದ ದಾರ ಮಾಡಿಕೊಂಡಿದ್ದರು. 1881ರಿಂದ 1883ರವರೆಗೆ ಅಲಾಸ್ಕದ ಪಾಯಿಂಟ್ ಬ್ಯಾರೋದಲ್ಲಿದ್ದ ಅಮೆರಿಕದ ಸಂಶೋಧನಾ ತಂಡದ ಜಾನ್ ಮರ್ಡಾಕ್ ಅವರು 1892ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಇಂಥ ದಾರಗಳನ್ನು ವರ್ಣಿಸಿದ್ದಾರೆ. ನಮ್ಮ ಉಗುರಿನ ಜಾತಿಯದೇ ಆದ ಈ ವಸ್ತು ಹತ್ತಿಯ ಹುರಿಯಂತೆ ನೀರು ಕುಡಿಯುವುದಿಲ್ಲ, ಅಂಟಿದ ಮಂಜನ್ನು ಕೊಡವಿಬಿಡಬಹುದು. ಪ್ರಯೋಗಶಾಲೆಯಿಲ್ಲದ ಜನ ತಲುಪಿದ ಉತ್ತರವಿದು.

ಯೂರೋಪಿನಲ್ಲಿ ಕುದುರೆಯ ಬಾಲದ ಕೂದಲು, ಅಗಸೆ ನಾರು, ರೇಷ್ಮೆ ಇವುಗಳಿಂದ ದಾರ ಹೊಸೆಯುತ್ತಿದ್ದರು. ಅಗಸೆ ನಾರಿನ ದಾರವನ್ನು ಪ್ರತಿದಿನ ಬಿಚ್ಚಿ ಒಣಗಿಸದಿದ್ದರೆ ಕೊಳೆತುಹೋಗುತ್ತಿತ್ತು, ಹಿಮದಲ್ಲಂತೂ ನೀರು ಕುಡಿದು ಕಡ್ಡಿಯಾಗುತ್ತಿತ್ತು. ದಾರದ ತುದಿಗೆ, ಮೀನಿಗೆ ಕಾಣದಂತೆ, ಇನ್ನೊಂದು ಪಾರದರ್ಶಕ ಎಳೆಯನ್ನು ಕಟ್ಟುತ್ತಿದ್ದರು. ಅದು ಬರುತ್ತಿದ್ದುದು ಸ್ಪೇನಿನ ಮುರ್ಸಿಯ ಪ್ರಾಂತದಿಂದ, ಅದೂ ರೇಷ್ಮೆ ಹುಳುವಿನ ಹೊಟ್ಟೆಯಿಂದ!

ರೇಷ್ಮೆ ಸಾಕುವ ಮನೆಗಳಿಂದ ಬಂದ ನನ್ನ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾದೀತು. ನಾಲ್ಕನೆಯ ಜ್ವರ ಮುಗಿಸಿ, ಸೊಪ್ಪು ತಿಂದು ಹಣ್ಣಾದ ಹುಳುವನ್ನು ನಿಮ್ಮ ಮನೆಯಲ್ಲಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಮುರ್ಸಿಯದಲ್ಲಿ ಅದೇ ಹುಳುವನ್ನು ಗೂಡು ಕಟ್ಟಲು ಬಿಡದೆ ವಿನಿಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ತೆಗೆದು, ಎರಡೂ ಕೈಗಳಿಂದ ಎಳೆಯುತ್ತಿದ್ದರು. ಒಂದು ಮೊಳದಷ್ಟು ಗಟ್ಟಿ ಎಳೆ ಸಿಗುತ್ತಿತ್ತು. ಅಂಥ ತುಂಡುಗಳನ್ನು ಗಂಟುಹಾಕಿ ಉದ್ದ ಮಾಡುತ್ತಿದ್ದರು. ಒಣಗಿದಾಗ ಅದು ಪಟ್ಟನೆ ಮುರಿಯುತ್ತಿದ್ದುದರಿಂದ ಮೀನು ಹಿಡಿಯುವ ಮೊದಲು ನೆನೆಸಿಡಬೇಕಾಗಿತ್ತು.

ಈ ಸ್ಥಿತಿಯನ್ನು ಬದಲಾಯಿಸಿದ್ದು ನೈಲಾನ್. ಅದನ್ನು ರೂಪಿಸಿದ ರಸಾಯನ ವಿಜ್ಞಾನಿ ವ್ಯಾಲೇಸ್ ಕರಾಥರ್ಸ್. ಮಿನ್ನೆಸೋಟದ ನೆರೆಯ ಅಯೋವ ರಾಜ್ಯದಲ್ಲಿ 1896ರಲ್ಲಿ ಹುಟ್ಟಿದ ಅವರು 1928ರಲ್ಲಿ ಡೆಲಾವೇರ್ ರಾಜ್ಯದ ವಿಲ್ಮಿಂಗ್ಟನ್ನಿನಲ್ಲಿದ್ದ ಡ್ಯುಪಾಂಟ್ ಕಂಪೆನಿಯ ಪ್ರಯೋಗಶಾಲೆಯನ್ನು ಸೇರಿದರು. ಸಣ್ಣ ಅಣುಗಳನ್ನು ಸರಪಳಿಯಂತೆ ಜೋಡಿಸಿ ದೈತ್ಯ ಅಣುಗಳನ್ನು ಕಟ್ಟುವುದು ಅವರ ಸಂಶೋಧನೆ. 1935ರ ಫೆಬ್ರವರಿಯಲ್ಲಿ ಅವರ ತಂಡ, ಮುಂದೆ ನೈಲಾನ್ ಎನಿಸಿಕೊಂಡ ವಸ್ತುವನ್ನು ಮೊದಲ ಬಾರಿಗೆ ತಯಾರಿಸಿತು. ಆದರೆ ಕರಾಥರ್ಸ್ ದೀರ್ಘಕಾಲದಿಂದ ಮಾನಸಿಕ ಖಿನ್ನತೆಯಿಂದ ಬಳಲುತ್ತಿದ್ದರು. 1937ರ ಏಪ್ರಿಲ್ 29ರಂದು, ತಮ್ಮ 41ನೆಯ ವಯಸ್ಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು.

ಆ ವಸ್ತುವನ್ನು ಜಗತ್ತಿಗೆ ಪ್ರಕಟಿಸಿದ್ದು 1938ರ ಅಕ್ಟೋಬರಿನಲ್ಲಿ. ಹೆಸರಿಟ್ಟದ್ದೂ ಅವರು ತೀರಿಕೊಂಡ ಮೇಲೆಯೇ. ಹೆಂಗಸರ ಕಾಲುಚೀಲದ ಎಳೆ ಹರಿದು ಓಡುವುದಿಲ್ಲ ಎಂಬರ್ಥದ 'ನೋ ರನ್' ಎಂಬ ಹೆಸರನ್ನು ಮೊದಲು ಯೋಚಿಸಿದ್ದರು. ಆದರೆ ಎಳೆ ಓಡಿಯೇ ಓಡುತ್ತಿದ್ದುದರಿಂದ ಆ ಹೆಸರು ಸುಳ್ಳಾಗುತ್ತಿತ್ತು. ಅಕ್ಷರಗಳನ್ನು ಅದಲುಬದಲು ಮಾಡುತ್ತ ಹೋಗಿ ನೈಲಾನ್ ಎಂಬಲ್ಲಿಗೆ ನಿಂತರು. ಕಾಟನ್, ರೇಯಾನ್‌ಗಳ ಕೊನೆಯಲ್ಲಿರುವಂತೆ ಇದರ ಕೊನೆಯಲ್ಲಿಯೂ 'ಆನ್' ಬಂದಿತು, ಮೊದಲ ಭಾಗಕ್ಕೆ ಅರ್ಥವೇ ಇಲ್ಲ. ನ್ಯೂಯಾರ್ಕೂ ಇಲ್ಲ, ಲಂಡನ್ನೂ ಇಲ್ಲ. ಜಪಾನಿನ ರೇಷ್ಮೆಯನ್ನು ಸೋಲಿಸಿದೆವೆಂದು ಅಣಕಿಸುವ ಇಂಗ್ಲಿಷ್ ವಾಕ್ಯವೊಂದರ ಮೊದಲಕ್ಷರಗಳು ಇವು ಎಂಬ ಮತ್ತೊಂದು ಕಥೆಯೂ ಇದೆ. ಅದೂ ಕಟ್ಟುಕಥೆಯೇ.

ಡ್ಯುಪಾಂಟ್ 1939ರಲ್ಲಿ ನೈಲಾನಿನ ಒಂಟಿ ಎಳೆಯ ಗಾಳದ ದಾರವನ್ನು ಮಾರಾಟಕ್ಕೆ ತಂದಿತು. ಕೊಳೆಯದ, ದಿನವೂ ಒಣಗಿಸಬೇಕಿಲ್ಲದ ದಾರ ಬಂದರೂ ಜನ ಒಮ್ಮೆಲೇ ಒಪ್ಪಿಕೊಳ್ಳಲಿಲ್ಲ. ಮೊದಲ ದಾರಗಳು ದಪ್ಪವಾಗಿ, ಬಿರುಸಾಗಿದ್ದವು. 1958ರಲ್ಲಿ ಅದೇ ಕಂಪೆನಿ 'ಸ್ಟ್ರೆನ್' ಎಂಬ ತೆಳುವಾದ, ಒಂದೇ ಸಮನಾದ ದಾರವನ್ನು ತಂದ ಮೇಲೆ ನೈಲಾನ್ ಮನೆಮಾತಾಯಿತು. ಆದರೆ ಅದು ಸ್ವಲ್ಪ ನೀರು ಹೀರುತ್ತದೆ, ಎಳೆದರೆ ಹಿಗ್ಗುತ್ತದೆ, ಚಳಿಯಲ್ಲಿ ಸುರುಳಿಯ ಆಕಾರವನ್ನು ಬಿಡುವುದಿಲ್ಲ. ಹಿಮದ ಮೇಲಿನವರು ಇನ್ನೂ ಹುಡುಕುತ್ತಲೇ ಇದ್ದರು.

1971ರಲ್ಲಿ ಜಪಾನಿನ ಕುರೆಹ ಕಂಪೆನಿ ಫ್ಲೋರೊಕಾರ್ಬನ್ ದಾರವನ್ನು ತಂದಿತು. ನೀರಿನ ವಕ್ರೀಭವನ ಸೂಚ್ಯಂಕ 1.33, ಇದರದು ಸುಮಾರು 1.42. ನೈಲಾನಿನದು 1.5ಕ್ಕೂ ಹೆಚ್ಚು. ನೀರಿಗೆ ಹತ್ತಿರವಾದಷ್ಟೂ ದಾರ ಕಾಣುವುದು ಕಡಿಮೆ. ನೀರಿನ ಸಾಂದ್ರತೆಯನ್ನು 1 ಎಂದರೆ ನೈಲಾನ್ 1.14, ಫ್ಲೋರೊಕಾರ್ಬನ್ 1.78. ಹೀಗಾಗಿ ಇದು ಬೇಗ ಮುಳುಗುತ್ತದೆ. ನೀರನ್ನು ಹೀರುವುದಿಲ್ಲವೆನ್ನಬಹುದು. ಆದರೆ ಬಿರುಸು ಹೆಚ್ಚು, ಗಂಟು ಹಾಕುವುದು ಕಷ್ಟ. ಅನಂತರ 1979ರಲ್ಲಿ ನೆದರ್ಲೆಂಡ್ಸಿನ ಡಿಎಸ್ಎಂ ಕಂಪೆನಿಯ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ, ಪಾಲಿಥೀನಿನ ಬಹು ಉದ್ದದ ಅಣುಗಳನ್ನು ಜೆಲ್ ಸ್ಥಿತಿಯಿಂದ ನೂಲುವ ವಿಧಾನಕ್ಕೆ ಪೇಟೆಂಟ್ ಕೋರಿದರು. ಗುಂಡು ತಡೆಯುವ ಕವಚಗಳಿಗೆ ಬಳಸುವ ಈ ನೂಲನ್ನೇ ಹೆಣೆದು 1990ರ ದಶಕದಲ್ಲಿ ಗಾಳದ ದಾರವಾಗಿ ಮಾರತೊಡಗಿದರು. ಬಲು ತೆಳು, ಬಲು ಗಟ್ಟಿ, ಹಿಗ್ಗುವುದಿಲ್ಲವೆಂದೇ ಹೇಳಬೇಕು. ಮೀನಿನ ಉಸಿರೂ ಕೈಗೆ ತಿಳಿಯುತ್ತದೆ ಎಂದು ನನ್ನ ಅಳಿಯ ಹೇಳುತ್ತಾನೆ. ಆದರೆ ಹೆಣೆದ ಎಳೆಗಳ ನಡುವೆ ನೀರು ನಿಂತು, ಬಯಲಿನಲ್ಲಿ ಕುಳಿತರೆ ಹೆಪ್ಪುಗಟ್ಟಿಬಿಡುತ್ತದೆ.

ಆದ್ದರಿಂದ ಅಲ್ಲಿನ ಅನುಭವಸ್ಥರ ಲೆಕ್ಕ ಹೀಗೆ: ಬೆಚ್ಚಗಿನ ಗುಡಾರದೊಳಗೆ, ಆಳದ ನೀರಿಗಾದರೆ ಹೆಣೆದ ದಾರ, ಅದರ ತುದಿಗೆ ಕಾಣದಿರುವಂತೆ ಒಂದಿಷ್ಟು ಫ್ಲೋರೊಕಾರ್ಬನ್. ತಿಳಿನೀರಿಗೂ ಬಯಲಿಗೂ ಫ್ಲೋರೊಕಾರ್ಬನ್. ಸಣ್ಣ ಮೀನಿಗೆ, ಕಲಿಯುವವರಿಗೆ, ಚಳಿಗಾಲಕ್ಕೆಂದೇ ಮೃದುವಾಗಿ ಮಾಡಿದ ನೈಲಾನ್. ಸಣ್ಣ ಮೀನಿಗೆ 2ರಿಂದ 4 ಪೌಂಡ್, ವಾಲೈ ಎಂಬ ಅಲ್ಲಿನ ನೆಚ್ಚಿನ ಮೀನಿಗೆ 6ರಿಂದ 8 ಪೌಂಡ್ ಎಳೆತ ತಡೆಯುವ ದಾರ ಸಾಕು. ನಾವು ಮೊಮ್ಮಗನಿಗೆ 4 ಪೌಂಡಿನ, ಎಂದರೆ ಸುಮಾರು 1.8 ಕಿಲೋ ತಡೆಯುವ ಫ್ಲೋರೊಕಾರ್ಬನ್ ಕೊಂಡೆವು.

ನಾವು ಹೋದದ್ದು ಮಿಲ್ ಲ್ಯಾಕ್ಸ್ ಎಂಬ, ಸಮುದ್ರದಂತೆ ಹರಡಿರುವ ಸರೋವರಕ್ಕೆ. ನಡೆದಾಡಲು ಕನಿಷ್ಠ 4 ಅಂಗುಲ ದಪ್ಪದ ಗಟ್ಟಿ ಮಂಜುಗಡ್ಡೆ ಇರಬೇಕೆಂಬುದು ಅಲ್ಲಿನ ಸರ್ಕಾರದ ಸೂಚನೆ. ನಮ್ಮ ಕಾಲಡಿಯಲ್ಲಿ ಒಂದಡಿಗೂ ಹೆಚ್ಚಿತ್ತು. ಕೊಕ್ಕೆ ಕಟ್ಟುವ ಕೆಲಸವನ್ನು ನಾನೇ ಕೇಳಿ ಪಡೆದೆ. ಅಳಿಯ, "ಮಾವ, ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ" ಎಂದ. ಕೆರೆಯ ಏರಿಯ ಅನುಭವವುಳ್ಳ ನನಗೆ ಈ ಹುಡುಗ ಹೇಳಿಕೊಡುವುದೇನೆಂದು ಒಣಗಂಟನ್ನೇ ಬಿಗಿದೆ. ಅರ್ಧ ಗಂಟೆಯ ಮೇಲೆ ಮೊಮ್ಮಗನ ಕೋಲು ಬಾಗಿತು. ಮೀನಿನ ತಲೆ ರಂಧ್ರದೊಳಗೆ ಒಮ್ಮೆ ಕಾಣಿಸಿತು. ಮರುಕ್ಷಣ ಕೋಲು ನೆಟ್ಟಗಾಯಿತು. ದಾರ ಹರಿದಿರಲಿಲ್ಲ, ನನ್ನ ಗಂಟು ಹರಿದಿತ್ತು. ಒಣದಾರವನ್ನು ಬಿಗಿಯುವಾಗ ಉಂಟಾಗುವ ಘರ್ಷಣೆಯ ಶಾಖಕ್ಕೆ ಎಳೆ ಬಲ ಕಳೆದುಕೊಳ್ಳುತ್ತದೆ. ಘರ್ಷಣೆಯ ಪಾಠ ಮಾಡಿದ ಮೇಷ್ಟ್ರು ನಾನು!

ಮೊಮ್ಮಗ ಅಳಲಿಲ್ಲ. "ಪರವಾಗಿಲ್ಲ ತಾತ" ಎಂದ. ಆ ಮಾತು ಕೇಳಿದಾಗ ನನಗೆ ನೆನಪಾದವಳು ಬಹಳ ಹಿಂದಿನ ಒಬ್ಬ ವಿದ್ಯಾರ್ಥಿನಿ. ಅವಳ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ನಾನು ನೈಲಾನ್ ಹೆಸರಿನ ಕಥೆ ಹೇಳಿದಾಗ ಎದ್ದು ನಿಂತು, "ಸಾರ್, ಲಂಡನ್ನಿನಲ್ಲಿ ಅದನ್ನು ಕಂಡುಹಿಡಿದವರು ಯಾರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. "ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತ್ಕೋ" ಎಂದೆ. ತರಗತಿ ನಕ್ಕಿತು. ಅವಳು ತಲೆ ತಗ್ಗಿಸಿ ಕುಳಿತಳು. ನಾನು ಹೇಳಿದ ಕಥೆಯೂ ಪುಸ್ತಕದಲ್ಲಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವಳ ಪ್ರಶ್ನೆಗೆ ಸರಿಯಾದ ಉತ್ತರ, "ಯಾರೂ ಇಲ್ಲ" ಎಂಬುದು. ಅದನ್ನು ಹುಡುಕಲು ಹೊರಟಿದ್ದರೆ ಅಂದೇ ಕರಾಥರ್ಸ್ ಅವರ ಹೆಸರು ನಮಗೆಲ್ಲ ಸಿಗುತ್ತಿತ್ತು. ಎರಡು ನಗರಗಳ ಹೆಸರನ್ನು ಅಷ್ಟು ವರ್ಷ ಬಾಯಿಪಾಠ ಮಾಡಿಸಿದ ನಾನು, ಆ ನೂಲನ್ನು ಕೊಟ್ಟು ಅದರ ಹೆಸರನ್ನೂ ಕೇಳದೆ ಹೋದ ಮನುಷ್ಯನನ್ನು ಒಮ್ಮೆಯೂ ನೆನೆಯಲಿಲ್ಲ.

ಅವಳು ಇದನ್ನು ಓದುತ್ತಿದ್ದರೆ, ಅಮ್ಮಾ, ನೀನು ಕೇಳಿದ್ದು ಸರಿಯಾಗಿತ್ತು. ನಿನ್ನನ್ನು ಕೂರಿಸಿದ್ದು ನನ್ನ ತಪ್ಪು. ಉಳಿದವರೆಲ್ಲರೂ ನಿಮ್ಮ ಮಕ್ಕಳಿಗೆ ನಾನು ಹೇಳಿಕೊಟ್ಟದ್ದನ್ನು ತಿದ್ದಿ ಹೇಳಿರಿ. ಈ ಲೇಖನದಲ್ಲಿಯೂ ತಪ್ಪು ಕಂಡರೆ ಸಂಕೋಚವಿಲ್ಲದೆ ತಿಳಿಸಿರಿ, ಈ ಸಲ ಕೂರಿಸುವುದಿಲ್ಲ.

ಮರುವಾರ ಮತ್ತೆ ಹೋದೆವು. ಗಂಟನ್ನು ಮೊಮ್ಮಗನೇ ಕಟ್ಟಿದ, ಎಂಜಲು ಹಚ್ಚಿ.