ಪಾರ್ಶ್ವಸ್ವಾಮಿಯ ಕೊರಡು ಮತ್ತು ನಮ್ಮ ಸೌದೆಮನೆ

ಪಾರ್ಶ್ವನಾಥ ತೀರ್ಥಂಕರರ ಚರಿತೆಯಲ್ಲಿ ಬರುವ ಕೊರಡಿನ ಪ್ರಸಂಗವನ್ನು ಬಾಲ್ಯದಲ್ಲಿ ಕೇಳದ ಶ್ರಾವಕರು ವಿರಳ. ಪಂಚಾಗ್ನಿ ತಪಸ್ಸಿನಲ್ಲಿ ತೊಡಗಿದ್ದ ತಾಪಸನೊಬ್ಬನನ್ನು ರಾಜಕುಮಾರ ಪಾರ್ಶ್ವನು ಕಂಡು, ಆ ಮರದ ಕೊರಡಿನೊಳಗೆ ಜೀವಗಳಿವೆ ಎಂದು ಎಚ್ಚರಿಸಿದನು. ತಾಪಸನು ಕೇಳಲಿಲ್ಲ. ಕೊರಡಿನೊಳಗಿದ್ದ ಸರ್ಪಮಿಥುನವು ಮಡಿದು, ಧರಣೇಂದ್ರ ಪದ್ಮಾವತಿಯರಾಗಿ ಜನಿಸಿತು. ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯಲ್ಲಿ ಕೊರಡು ಆಗಲೇ ಉರಿಯುತ್ತಿರುತ್ತದೆ, ಹಾವುಗಳು ಅರೆಬೆಂದಿರುತ್ತವೆ. ಆದರೆ ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಕಾರ ಆ ತಾಪಸನು ಕುಮಾರನ ತಾಯಿಯ ತಂದೆಯಾದ ಮಹೀಪಾಲ. ಅಗ್ನಿ ಕುಂದುತ್ತಿರಲು ಅವನು ಸೌದೆ ಸೀಳಲು ಕೊಡಲಿಯೆತ್ತುತ್ತಾನೆ. ಹಾವುಗಳು ಸತ್ತದ್ದು ಬೆಂಕಿಯಿಂದಲ್ಲ, ಕೊಡಲಿಯ ಏಟಿನಿಂದ.

ಈ ಪಾಠಭೇದವನ್ನು ವಿದ್ವಾಂಸರು ಎಷ್ಟು ಲಕ್ಷಿಸಿದ್ದಾರೋ ಇಲ್ಲವೋ, ಸೌದೆ ಒಡೆದು ಬಾಳಿದ ಮನೆಯವರಿಗೆ ಅದು ಸಣ್ಣ ವಿಷಯವಲ್ಲ. ಒಲೆಗೆ ಇಡುವಾಗ ನೋಡಿದರೆ ಸಾಲದು, ಸೀಳುವ ಮುನ್ನವೇ ನೋಡಬೇಕು ಎಂಬುದು ಅದರಿಂದ ತಾನಾಗಿ ಹೊರಡುವ ಅರ್ಥ. ಬೆಳ್ಳೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ನನ್ನ ತಾತನವರು ಕೂಲಿಯಾಳಿನ ಕೈಗೆ ಕೊಡಲಿ ಕೊಡುವ ಮೊದಲು ಪ್ರತಿಯೊಂದು ದಿಮ್ಮಿಯನ್ನೂ ಕಲ್ಲಿನ ಮೇಲೆ ನಿಲ್ಲಿಸಿ ಕೋಲಿನಿಂದ ಮೂರು ಸಲ ತಟ್ಟಿಸುತ್ತಿದ್ದರು. ಟೊಳ್ಳು ಸದ್ದು ಬಂದರೆ ಆ ದಿಮ್ಮಿಯನ್ನು ಬೇಲಿಯ ಬದಿಗೆ ಉರುಳಿಸಿಬಿಡುತ್ತಿದ್ದರು. ಅದು ಅಲ್ಲಿಯೇ ಕರಗಿ ಮಣ್ಣಾಗುತ್ತಿತ್ತು. ಕಾಸು ಕೊಟ್ಟು ತಂದ ಸೌದೆಯನ್ನು ಹೀಗೆ ಬಿಸುಡುವುದು ಹುಡುಗನಾದ ನನಗೆ ವಿಚಿತ್ರವಾಗಿ ತೋರುತ್ತಿತ್ತು.

ಬೆಳ್ಳೂರು ನಾಗಮಂಗಲ ತಾಲ್ಲೂಕಿನ ಹಳೆಯ ಊರು. ಹೊಯ್ಸಳರ ಕಾಲದ ಆದಿಮಾಧವರಾಯನ ದೇಗುಲವೂ, ಅದಕ್ಕಿಂತ ಈಚಿನ ವಿಮಲನಾಥ ಬಸದಿಯೂ ಇಲ್ಲಿವೆ. ಇದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಶ್ರವಣಬೆಳಗೊಳವೂ ದೂರವಲ್ಲ. ಸೀಮೆ ಒಣಭೂಮಿ; ರಾಗಿ, ಹುರುಳಿ, ತೆಂಗು ಇಲ್ಲಿಯ ಬೆಳೆ. ಮನೆಯನ್ನು ಹಗಲಿರುಳು ಕಾಯಿಸಬೇಕಾದಂಥ ಚಳಿ ನಮ್ಮಲ್ಲಿ ಇಲ್ಲ. ಮಲೆನಾಡಿನ ಮನೆಗಳ ಹೊಡಸಲು ನಮ್ಮವರಿಗೆ ಅಪರಿಚಿತ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ವೃದ್ಧರ ಹಾಸಿಗೆಯ ಬಳಿ ಒಂದು ಅಗ್ಗಿಷ್ಟಿಕೆ, ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯ ಕೆಳಗೆ ಒಂದು ಕೊರಡು, ಅಷ್ಟೇ ನಮ್ಮ ಚಳಿಗಾಲದ ಬೆಂಕಿ. ಆದರೂ ವರ್ಷದ ಸೌದೆಯನ್ನು ಕೂಡಿಡುವ ಕೆಲಸ ಮನೆಯ ದೊಡ್ಡ ಕೆಲಸಗಳಲ್ಲಿ ಒಂದಾಗಿತ್ತು. ಅದಕ್ಕೆ ಗಡುವು ಚಳಿಗಾಲವಲ್ಲ, ಆಷಾಢದ ಅಷ್ಟಾಹ್ನಿಕ.

ಕಾರಣ ಚಾತುರ್ಮಾಸ. ಮಳೆ ಬಿದ್ದ ನೆಲದಲ್ಲಿ ಹುಳುಹುಪ್ಪಟೆಗಳು ಹೆಚ್ಚುವ ಕಾಲವೆಂದು ಮುನಿಗಳೇ ವಿಹಾರ ನಿಲ್ಲಿಸಿ ಒಂದೆಡೆ ನಿಲ್ಲುವಾಗ, ಗೃಹಸ್ಥನು ಒದ್ದೆ ಮರ ಕಡಿದು ಎಳೆದು ತರುವುದೆಂತು? ಆದುದರಿಂದ ಫಾಲ್ಗುಣ, ಚೈತ್ರಗಳಲ್ಲಿ ಗಾಡಿ ಸೌದೆ ಬರಬೇಕು, ವೈಶಾಖದಲ್ಲಿ ಸೀಳಿ ಬಿಸಿಲಿಗೆ ಹರಡಬೇಕು, ಜ್ಯೇಷ್ಠದಲ್ಲಿ ಒಟ್ಟಬೇಕು. ಒಟ್ಟುವಲ್ಲಿಯೂ ಕ್ರಮವುಂಟು. ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಅಡ್ಡಪಟ್ಟಿ ಹಾಸಿ, ಗೋಡೆಗೆ ಒಂದು ಗೇಣು ಬಿಟ್ಟು, ಗಾಳಿಯಾಡುವಂತೆ ಒಂದು ಸಾಲು ಉದ್ದ ಒಂದು ಸಾಲು ಅಡ್ಡವಾಗಿ ಜೋಡಿಸುತ್ತಿದ್ದರು. ನೆಲ ಮುಟ್ಟಿದ ಸೌದೆಗೆ ಗೆದ್ದಲು ಹತ್ತುತ್ತದೆ, ಗೋಡೆಗೆ ಒತ್ತಿದ ಸೌದೆಯಲ್ಲಿ ಚೇಳು ಸೇರುತ್ತದೆ. ಹೋದ ವರ್ಷ ಉಳಿದದ್ದು ಮುಂದೆ, ಹೊಸದು ಹಿಂದೆ. ಇದು ದಾಸ್ತಾನಿನ ಲೆಕ್ಕದಲ್ಲಿ ಮೊದಲು ಬಂದದ್ದು ಮೊದಲು ಹೋಗಬೇಕೆಂಬ ಪದ್ಧತಿಯೇ ಎಂದು ಬಿ.ಕಾಂ. ತರಗತಿಯಲ್ಲಿ ಕುಳಿತಾಗ ನನಗೆ ಹೊಳೆಯಿತು. ನಮ್ಮ ಅಜ್ಜಿ ಅದನ್ನು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ.

ಇಂದಿನ ವಿಜ್ಞಾನವೂ ಈ ಕ್ರಮವನ್ನು ಸಮರ್ಥಿಸುತ್ತದೆ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಒಣಗಿದಾಗ ಅದು ಐದರಲ್ಲೊಂದು ಪಾಲಿಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಹಸಿ ಸೌದೆಯ ಬೆಂಕಿ ಮೊದಲು ತನ್ನ ನೀರನ್ನು ಆವಿಯಾಗಿಸಬೇಕು, ಆಮೇಲೆ ನಮ್ಮ ಹಂಡೆಯ ನೀರನ್ನು. ಒಂದು ಹಂಡೆ ಕಾಯಿಸಲು ಹೆಚ್ಚು ಮರ, ಹೆಚ್ಚು ಹೊಗೆ, ಒಲೆಯ ಮುಂದೆ ಕುಳಿತ ಹೆಂಗಸಿನ ಕಣ್ಣಿಗೂ ಎದೆಗೂ ಹೆಚ್ಚು ಕೇಡು. ಒಣಗಿಸದೆ ಸುಡುವುದರಿಂದ ಮರಕ್ಕೂ ಮನುಷ್ಯರಿಗೂ ಏಕಕಾಲಕ್ಕೆ ಹಿಂಸೆ.

ಶಾಸ್ತ್ರವು ಗೃಹಸ್ಥನಿಗೆ ಒಲೆಯನ್ನು ನಿಷೇಧಿಸಿಲ್ಲ. ಕುಟ್ಟುವುದು, ಬೀಸುವುದು, ಒಲೆ ಹಚ್ಚುವುದು, ನೀರು ತುಂಬುವುದು, ಗುಡಿಸುವುದು, ಈ ಐದನ್ನು ಪಂಚಸೂನಗಳೆಂದು ಕರೆದು, ಮನೆಯಲ್ಲಿರುವವನಿಗೆ ಆರಂಭೀ ಹಿಂಸೆ ತಪ್ಪಿದ್ದಲ್ಲವೆಂದು ಒಪ್ಪಿದೆ. ಸೌದೆಯಲ್ಲಿ ವನಸ್ಪತಿಕಾಯ, ಉರಿಯಲ್ಲಿ ಅಗ್ನಿಕಾಯ, ಸಂದುಗಳಲ್ಲಿ ತ್ರಸಜೀವ. ಎಲ್ಲವೂ ಒಂದೇ ಒಲೆಯಲ್ಲಿವೆ. ಹಾಗಾದರೆ ವ್ರತಕ್ಕೆ ಎಡೆಯೆಲ್ಲಿ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಇದಕ್ಕೆ ಉತ್ತರವಿದೆ. ನಿಷ್ಪ್ರಯೋಜನವಾಗಿ ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಪ್ರಮಾದಚರ್ಯೆ. ಕೊಡಲಿಯನ್ನೂ ಬೆಂಕಿಯನ್ನೂ ಪರರ ಕೈಗೆ ಕೊಡುವುದು ಹಿಂಸಾದಾನ. ಈ ಎರಡನೆಯದನ್ನು ಓದಿದಾಗಲೆಲ್ಲ ನನಗೆ ತಾತನವರ ಕೋಲು ನೆನಪಾಗುತ್ತದೆ. ಕೊಡಲಿ ಕೊಡದೆ ನಡೆಯದು. ಕೊಟ್ಟ ಮೇಲೆ ಏಟಿನ ಹೊಣೆ ಕೂಲಿಯವನದೆಂದು ಹೇಳಿಕೊಳ್ಳುವಂತೆಯೂ ಇಲ್ಲ.

ವ್ಯಾಪಾರದ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಶ್ವೇತಾಂಬರ ಪರಂಪರೆಯಲ್ಲಿ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಉದ್ಯೋಗಗಳಲ್ಲಿ ಇದ್ದಿಲು ಸುಡುವುದನ್ನೂ ಕಾಡು ಕಡಿದು ಮಾರುವುದನ್ನೂ ಮೊದಲಿಗೇ ಹೇಳುತ್ತದೆ. ನಮ್ಮ ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ಸಾಗಾರಧರ್ಮಾಮೃತ ಬರೆದಾಗ ಅದೇ ಪಟ್ಟಿಯನ್ನು ಎತ್ತಿಕೊಂಡು, ಪಾಪೋದ್ಯೋಗಗಳು ಎಣಿಕೆಗೆ ಸಿಕ್ಕುವಂಥವಲ್ಲವಾದ್ದರಿಂದ ಹದಿನೈದೆಂದು ಎಣಿಸುವುದು ಸಮಂಜಸವಲ್ಲ, ತೀರ ಮಂದಮತಿಗಳಿಗೆ ಬೇಕಿದ್ದರೆ ಹೇಳಬಹುದು ಎಂಬರ್ಥದ ಮಾತು ಸೇರಿಸುತ್ತಾರೆ. ನನ್ನಂಥ ವರ್ತಕನಿಗೆ ಪಟ್ಟಿ ಬೇಕೇ ಬೇಕು, ಆಶಾಧರರು ಕ್ಷಮಿಸಬೇಕು.

ನಮ್ಮ ಅಂಗಡಿಯಲ್ಲಿ ಬೆಲ್ಲ, ಬೇಳೆ, ಬಟ್ಟೆ ಮಾರಿದರೇ ಹೊರತು ಸೌದೆ ಡಿಪೋ ಇಡಲಿಲ್ಲ. ಅದನ್ನು ನಮ್ಮ ಮನೆತನದ ಹೆಮ್ಮೆಯೆಂದು ನಾನು ಬಹುಕಾಲ ಹೇಳಿಕೊಂಡೆ. ಆದರೆ ತಾತನವರ ಹಳೆಯ ಕಿರ್ದಿ ಪುಸ್ತಕಗಳನ್ನು ಬಿಡಿಸಿ ನೋಡಿದರೆ ಪ್ರತಿ ಚೈತ್ರದಲ್ಲಿಯೂ ‘ಸೌದೆ, ಗಾಡಿ 2’ ಎಂಬ ಖರ್ಚು ತಪ್ಪದೆ ಬರುತ್ತದೆ. ನಾವು ಮಾರಲಿಲ್ಲ, ಕೊಂಡೆವು. ಮಾರುವವನಿಗೆ ದೋಷ, ಕೊಳ್ಳುವವನಿಗೆ ಇಲ್ಲ ಎಂಬ ಲೆಕ್ಕ ಯಾವ ಶಾಸ್ತ್ರದ್ದು?

ಬಸದಿಗಳ ಲೆಕ್ಕದಲ್ಲಿಯೂ ಇದೇ ತೊಡಕು. ಕರ್ಣಾಟಕದ ಜೈನ ದಾನಶಾಸನಗಳನ್ನು ಓದಿದವರಿಗೆ ಒಂದು ವಾಡಿಕೆಯ ಒಕ್ಕಣೆ ಗೊತ್ತು: ದೇವರ ಅಷ್ಟವಿಧಾರ್ಚನೆಗೆ, ಋಷಿಯರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು ಗದ್ದೆ, ಇಷ್ಟು ಬೆದ್ದಲು. ಆ ಒಕ್ಕಣೆಯಲ್ಲಿ ಸೌದೆಗೆ ಸ್ಥಾನವಿಲ್ಲ. ಆದರೆ ಸೋಸಿ ಕಾಯಿಸಿದ ನೀರಿಲ್ಲದೆ, ಬೆಂದ ಅನ್ನವಿಲ್ಲದೆ ಆಹಾರದಾನವೆಲ್ಲಿಯದು? ಸಾವಿರ ವರ್ಷಗಳ ಆ ಆಹಾರದಾನದ ಹಿಂದೆ ಯಾರೋ ಹೊತ್ತು ತಂದ ಸೌದೆಯ ಹೊರೆಗಳಿವೆ. ಶಾಸನದ ಕಲ್ಲಿನಲ್ಲಿ ದಾನಿಯ ಹೆಸರಿದೆ, ಹೊರೆ ಹೊತ್ತವರದಿಲ್ಲ.

ಆ ಹೊರೆಗಳು ಎಂಥ ಸೌದೆಯವು ಎಂಬುದನ್ನು ಅಳೆಯಲು ನಮ್ಮ ಸೀಮೆಯಲ್ಲಿಯೇ ಹುಟ್ಟಿದ ಅಳತೆಗೋಲೊಂದಿದೆ. ಚಾವುಂಡರಾಯನ ಗುರುಗಳೂ ಶ್ರವಣಬೆಳಗೊಳದೊಡನೆ ನಿಕಟ ಸಂಬಂಧವಿದ್ದವರೂ ಆದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಆರು ಲೇಶ್ಯೆಗಳನ್ನು ತಿಳಿಸುವ ವೃಕ್ಷದೃಷ್ಟಾಂತವಿದೆ. ಹಣ್ಣಿನ ಮರವನ್ನು ಕಂಡ ಆರು ಪಥಿಕರಲ್ಲಿ ಒಬ್ಬನು ಬುಡವನ್ನೇ ಕೀಳಬೇಕೆನ್ನುತ್ತಾನೆ, ಇನ್ನೊಬ್ಬನು ಕಾಂಡ, ಮತ್ತೊಬ್ಬನು ಕೊಂಬೆ, ಬಳಿಕ ರೆಂಬೆ, ಬಳಿಕ ಹಣ್ಣು ಮಾತ್ರ. ಆರನೆಯವನು ಬಿದ್ದುದನ್ನು ಆಯುತ್ತಾನೆ. ಅವನದು ಶುಕ್ಲಲೇಶ್ಯೆ. ಹಲವು ಬಸದಿಗಳ ಗೋಡೆಯ ಮೇಲೆ ಈ ಚಿತ್ರವನ್ನು ಬರೆಸಿದ್ದೇವೆ. ಹಣ್ಣಿನ ಬದಲು ಸೌದೆಯೆಂದು ಓದಿದರೆ ಅದು ಹಿತ್ತಲಿನ ಮಾತಾಗುತ್ತದೆ.

ಹಾಗೆ ಓದಿದಾಗ ಆರನೆಯ ಪಥಿಕನ ಸ್ಥಾನದಲ್ಲಿ ಕಾಣುವವರು ಬಡವರೇ. ನಾಗಮಂಗಲಕ್ಕೆ ತಾಗಿದ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ 1970ರ ದಶಕದ ಉತ್ತರಾರ್ಧದಲ್ಲಿ ಇಂಧನದ ಲೆಕ್ಕ ತೆಗೆದರು. 357 ಜನರಿದ್ದ ಆ ಊರು ವರ್ಷಕ್ಕೆ ಸುಮಾರು 217 ಟನ್ ಸೌದೆ ಉರಿಸುತ್ತಿತ್ತು. ಅದರಲ್ಲಿ ಕೊಂಡದ್ದು ಅತ್ಯಲ್ಪ. ಉಳಿದುದೆಲ್ಲ ಹೆಂಗಸರು, ಮಕ್ಕಳು ಮೊದಲಾಗಿ ಮನೆಮಂದಿಯೇ ಆಯ್ದು ತಂದದ್ದು, ಬಹುಪಾಲು ಪುಳ್ಳೆ, ಕಡ್ಡಿ, ರೆಂಬೆ. ಅದಕ್ಕಾಗಿ ಮನೆಯೊಂದಕ್ಕೆ ದಿನವೂ ಎರಡು ಗಂಟೆಗೂ ಮೀರಿದ ದುಡಿಮೆ ಬೇಕಾಗಿತ್ತು. ಆ ತಾಯಂದಿರು ಲೇಶ್ಯೆಯ ಹೆಸರು ಕೇಳಿರಲಿಕ್ಕಿಲ್ಲ, ಬಡತನವೇ ಅವರ ಕೈಗೆ ಕೊಡಲಿ ಕೊಟ್ಟಿರಲಿಲ್ಲ. ಅದನ್ನು ಪುಣ್ಯವೆಂದು ಕೊಂಡಾಡಿ ಅವರ ತಲೆಯ ಮೇಲಿನ ಹೊರೆಯನ್ನು ಮರೆಯುವುದು ಸಲ್ಲದು. ಅದೇ ಸಂಸ್ಥೆಯ ವಿಜ್ಞಾನಿಗಳು ಕಡಿಮೆ ಸೌದೆಯಲ್ಲಿ ಬೇಯಿಸುವ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಈ ಪತ್ರಿಕೆಯ ಹಿರಿಯ ಓದುಗರಲ್ಲಿ ಕೆಲವರಾದರೂ ಅದರ ಮುಂದೆ ಕುಳಿತಿದ್ದಿರಬಹುದು.

ಕಾಂಡಕ್ಕೂ ಬುಡಕ್ಕೂ ಕೊಡಲಿ ಹಾಕಿದ ದೊಡ್ಡ ಬೆಂಕಿಗಳು ಬೇರೆ. ಕೋಲಾರದ ಚಿನ್ನದ ಗಣಿಯ ಉಗಿಯಂತ್ರಗಳು ಸುತ್ತಲ ಸೀಮೆಯ ಮರವನ್ನು ನುಂಗಿದವು. 1902ರಲ್ಲಿ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ವಿದ್ಯುತ್ತು ಅಲ್ಲಿಗೆ ಹರಿದ ಮೇಲೆ ಆ ಹಸಿವು ಇಳಿಯಿತು. 1923ರಲ್ಲಿ ಆರಂಭವಾದ ಭದ್ರಾವತಿಯ ಕಾರ್ಖಾನೆ ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಕ್ಕದೆ ಬಸ್ಸುಗಳೂ ಇದ್ದಿಲಿನಿಂದ ಓಡಿದವು. ಆ ಬಸ್ಸು ಹೊರಡುವ ಮುನ್ನ ಹಿಂದಿನ ಉರುಳೆಯಲ್ಲಿ ಕೆಂಡ ಮಾಡಲು ಚಕ್ರ ತಿರುವುತ್ತಿದ್ದುದನ್ನು ನಮ್ಮ ತಂದೆಯವರು ಹೇಳುತ್ತಿದ್ದರು. ಹೇಮಚಂದ್ರರ ಪಟ್ಟಿಯ ಇದ್ದಿಲುಕರ್ಮವು ಹೀಗೆ ಬಸ್ಸಿನ ಟಿಕೇಟು ಕೊಂಡವರೆಲ್ಲರ ಪಾಲಿಗೂ ಒಂದಿಷ್ಟು ಬಂದಿತು.

ಈ ಎಲ್ಲವನ್ನೂ ಓದಿ, ಬರೆದು, ಸಭೆಗಳಲ್ಲಿ ಹೇಳಿದವನಾದ ನನಗೇ ನಡೆದುದನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ಟ್ರಸ್ಟಿನಲ್ಲಿ ನಾನು ಖಜಾಂಚಿಯಾಗಿದ್ದೆ. ಭಾದ್ರಪದದ ದಶಲಕ್ಷಣ ಪರ್ವದ ಸಾಮೂಹಿಕ ಭೋಜನಕ್ಕೆ ಗ್ಯಾಸು ಸಾಲದೆ ಒಂದು ಲಾರಿ ಸೌದೆ ತರಿಸಿದೆವು. ಬೇಸಗೆಯಲ್ಲಿ ದಾಸ್ತಾನು ಮಾಡುವುದು ಯಾರಿಗೂ ನೆನಪಾಗಿರಲಿಲ್ಲ. ಬಂದದ್ದು ಮಳೆಯಲ್ಲಿ ನೆನೆದ ಹಸಿ ಸೌದೆ. ಅಡುಗೆಯವರು ಸೀಮೆಎಣ್ಣೆ ಸುರಿದು ಹಚ್ಚಿದರು. ಹೊಗೆಯ ನಡುವೆ ಒಂದು ಟೊಳ್ಳು ಕೊರಡಿನ ತುದಿಯಿಂದ ಇರುವೆಗಳು ಬಿಳಿಯ ಮೊಟ್ಟೆಗಳನ್ನು ಕಚ್ಚಿಕೊಂಡು ಹೊರಬಂದವು. ಹೊರಬಂದ ಕಡೆಯೂ ಬೆಂಕಿಯೇ ಇತ್ತು. ಪಕ್ಕದ ಮಂಟಪದಲ್ಲಿ ಉತ್ತಮ ಸಂಯಮದ ಮೇಲೆ ಪ್ರವಚನ ನಡೆಯುತ್ತಿತ್ತು. ಕೊರಡನ್ನು ಎಳೆದು ಹಾಕಿ ನೀರು ಹೊಯ್ದೆವು, ತಡವಾಗಿತ್ತು. ಸಂಜೆ ಆ ಲಾರಿಯ ವೋಚರಿಗೆ ಸಹಿ ಹಾಕಿದವನು ನಾನೇ. ಸೌದೆ ಯಾವ ಊರಿನದು, ಯಾರ ತೋಟದ್ದು, ಯಾವಾಗ ಕಡಿದದ್ದು, ಒಂದೂ ಆ ಚೀಟಿಯಲ್ಲಿ ಇರಲಿಲ್ಲ, ನಾನು ಕೇಳಿರಲೂ ಇಲ್ಲ.

ಮುಂದಿನ ಸಭೆಯಲ್ಲಿ ನಾನು ವಿಷಯವೆತ್ತಿದಾಗ, ಸೌದೆಯನ್ನೇ ಬಿಟ್ಟು ಪೂರ್ತಿ ಗ್ಯಾಸು ಮಾಡೋಣವೆಂದು ಕೆಲವರೆಂದರು. ಸರಿಯಾದ ಮಾತೇ, ಅಡುಗೆಗೆ ಈಗ ಬಹುಮಟ್ಟಿಗೆ ಹಾಗೆಯೇ ಮಾಡಿದ್ದೇವೆ. ಗ್ಯಾಸಿಗೂ ತನ್ನದೇ ಆದ ಹಿಂಸೆಯ ಲೆಕ್ಕವಿದೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಆದರೆ ಹಂಡೆಗಳಿಗೂ ಪರ್ವದ ದಿನಗಳಿಗೂ ಸೌದೆ ಬೇಕೇ ಬೇಕಾಯಿತು. ಆದುದರಿಂದ ಬಸದಿಯ ಹಿಂದೆ ತಗಡು ಹೊದಿಸಿದ ಒಂದು ಕೊಟ್ಟಿಗೆ ಕಟ್ಟಿಸಿದೆವು. ತೆಂಗಿನ ತೋಟವಿರುವ ಶ್ರಾವಕರು ಚೈತ್ರದಲ್ಲಿ ಎಡೆಮಟ್ಟೆ, ಸೋಗೆ, ಕರಟ, ಒಣಗಿ ಬಿದ್ದ ಕೊಂಬೆಗಳನ್ನು ಕೊಡುತ್ತಾರೆ. ಅದು ಸಾಲದಾದರೆ ತೋಟದಂಚಿನ ಸರ್ವೆ, ನೀಲಗಿರಿಗಳನ್ನು ಬೇಸಗೆಯಲ್ಲಿಯೇ ಕೊಳ್ಳುತ್ತೇವೆ. ಹಳೆಯ ಹುಣಸೆ, ಹೊಂಗೆ, ಆಲಗಳ ಸೌದೆ ಬಂದರೆ ಹಿಂದಕ್ಕೆ ಕಳುಹಿಸುತ್ತೇವೆ.

ಖಜಾಂಚಿಯ ಕೆಲಸ ಈಗ ಬೇರೊಬ್ಬ ತರುಣರದು. ಅವರು ಲೆಕ್ಕವನ್ನು ಗಣಕಯಂತ್ರದಲ್ಲಿ ಇಡುತ್ತಾರೆ. ಸೌದೆಯ ಪುಸ್ತಕವೊಂದನ್ನು ಮಾತ್ರ ನಾನೇ ಉಳಿಸಿಕೊಂಡಿದ್ದೇನೆ. ತಾತನವರ ಕಿರ್ದಿಯಲ್ಲಿ ತಾರೀಖು, ಗಾಡಿ, ಮೊಬಲಗು ಎಂಬ ಮೂರು ಅಂಕಣಗಳಿದ್ದವು. ಈ ಪುಸ್ತಕದಲ್ಲಿ ಎಲ್ಲಿಯದು, ಯಾವ ಮರ, ಕಡಿದದ್ದೋ ಬಿದ್ದದ್ದೋ ಎಂದು ಇನ್ನೂ ಮೂರು ಎಳೆದಿದ್ದೇನೆ. ಈ ವೈಶಾಖದಲ್ಲಿ ಹದಿನಾಲ್ಕು ಹೊರೆ ಬಂದವು. ಕೊಟ್ಟಿಗೆಯ ಬಾಗಿಲಿಗೆ ಒರಗಿಸಿಟ್ಟ ಕೋಲಿನಿಂದ ನಮ್ಮ ಬಸದಿಯ ಕಸ ಗುಡಿಸುವ ಮುದುಕಮ್ಮ ಒಂದೊಂದನ್ನೇ ತಟ್ಟಿದರು. ಎರಡು ಕೊರಡು ಟೊಳ್ಳಾಗಿದ್ದವು. ಬೇಲಿಯ ಬದಿಗೆ ಉರುಳಿಸಿದೆವು.