ಹಾರಲಾರದ ಹಕ್ಕಿಗಳ ಕಾವಲುಗಾರ

ಹಕ್ಕಿ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ರೆಕ್ಕೆ ಮತ್ತು ಆಕಾಶ. ಆದರೆ ಹಾರುವುದನ್ನೇ ಮರೆತ ಹಲವು ಹಕ್ಕಿಗಳಿಗೆ ಮನೆಯಾದ ನಾಡೊಂದಿದೆ. ಅದೇ ನ್ಯೂಜಿಲೆಂಡ್. ಮನುಷ್ಯನು ಅಲ್ಲಿ ಕಾಲಿಡುವ ಮುನ್ನ ಬಾವಲಿಗಳ ಹೊರತು ನೆಲದ ಮೇಲೆ ಬಾಳುವ ಸ್ತನಿಗಳೇ ಆ ನಾಡಿನಲ್ಲಿರಲಿಲ್ಲ. ಬೇರೆ ದೇಶಗಳಲ್ಲಿ ಜಿಂಕೆಗಳು ಮೇಯುವಂತೆ ಅಲ್ಲಿ ಮೋವಾ ಎಂಬ ದೈತ್ಯ ಪಕ್ಷಿಗಳು ಸೊಪ್ಪು ಮೇಯುತ್ತಿದ್ದವು. ಕಿವಿ ಪಕ್ಷಿಯು ಇರುಳಿನಲ್ಲಿ ವಾಸನೆ ಹಿಡಿದು ಹುಳುಗಳನ್ನು ಹೆಕ್ಕುತ್ತಿತ್ತು. ಗಿಳಿಗಳಲ್ಲೇ ಅತಿ ಭಾರವಾದ ಕಾಕಾಪೊ ಹಸಿರು ಪಾಚಿಯ ಬಣ್ಣ ತಳೆದು ನೆಲದ ಮೇಲೆ ಓಡಾಡುತ್ತಿತ್ತು. ಅವುಗಳ ಶತ್ರುಗಳು ಆಕಾಶದಿಂದ ಎರಗುವ ಹದ್ದು ಗಿಡುಗಗಳು. ಆದ್ದರಿಂದ ಅಪಾಯ ಕಂಡಾಗ ಕಾಕಾಪೊ ಅಲುಗಾಡದೆ ನಿಂತುಬಿಡುತ್ತಿತ್ತು. ಕಣ್ಣಿನಿಂದ ಬೇಟೆಯಾಡುವವರಿಂದ ಈ ಉಪಾಯ ಅದನ್ನು ಕಾಪಾಡಿತು. ಮೂಗಿನಿಂದ ಬೇಟೆಯಾಡುವವರ ಮುಂದೆ ಅದೇ ಮೃತ್ಯುವಾಯಿತು.

ಸುಮಾರು 13ನೆಯ ಶತಮಾನದಲ್ಲಿ ಮಾವೊರಿ ಜನರ ಪೂರ್ವಜರು ಬಂದಿಳಿದಾಗ ಅವರೊಂದಿಗೆ ನಾಯಿಯೂ ಇಲಿಯೂ ಬಂದವು. ಬೇಟೆಗೆ ತುತ್ತಾದ ಮೋವಾಗಳು ಒಂದೆರಡು ಶತಮಾನಗಳಲ್ಲೇ ಅಳಿದವು. 19ನೆಯ ಶತಮಾನದಲ್ಲಿ ಯುರೋಪಿನ ವಲಸಿಗರು ತಂದ ಮೊಲಗಳು ಮಿತಿಮೀರಿ ಹೆಚ್ಚಿ ಹುಲ್ಲುಗಾವಲುಗಳನ್ನು ಬರಿದುಮಾಡಿದವು. ಅವುಗಳನ್ನು ಹತೋಟಿಗೆ ತರಲೆಂದು 1880ರ ದಶಕದಲ್ಲಿ ಮುಂಗುಸಿಯಂತೆ ಸಪೂರ ದೇಹದ, ಸ್ಟೋಟ್ ಎಂಬ ಮಾಂಸಾಹಾರಿ ಪ್ರಾಣಿಯನ್ನು ತಂದು ಬಿಡಲಾಯಿತು. ಪಕ್ಷಿಗಳನ್ನು ಬಲ್ಲವರು ಬೇಡವೆಂದು ಎಚ್ಚರಿಸಿದ್ದರು; ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಹಿನ್ನೆಲೆಯಲ್ಲಿ 1894ರಲ್ಲಿ ರಿಚರ್ಡ್ ಹೆನ್ರಿ ಎಂಬಾತನನ್ನು ನೈಋತ್ಯ ಕರಾವಳಿಯ ರೆಸೊಲ್ಯೂಶನ್ ದ್ವೀಪದ ಪಾಲಕನನ್ನಾಗಿ ಸರ್ಕಾರ ನೇಮಿಸಿತು. ಎಡೆಬಿಡದೆ ಮಳೆ ಸುರಿಯುವ ಆ ನಿರ್ಜನ ಪ್ರದೇಶದಲ್ಲಿ, ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯ ನೆರವಿನಿಂದ ಹಕ್ಕಿಗಳನ್ನು ಹುಡುಕಿ ಹಿಡಿದು, ದೋಣಿಯಲ್ಲಿ ಆತ ದ್ವೀಪಕ್ಕೆ ಸಾಗಿಸಿದ. ಹೀಗೆ ನೂರಾರು ಕಾಕಾಪೊ ಮತ್ತು ಕಿವಿಗಳು ಹೊಸ ಮನೆ ಸೇರಿದವು. ಆದರೆ 1900ರಲ್ಲಿ ಆ ದ್ವೀಪದಲ್ಲೇ ಸ್ಟೋಟ್ ಕಾಣಿಸಿಕೊಂಡಿತು. ತೀರದಿಂದ ದ್ವೀಪಕ್ಕಿದ್ದ ಅಂತರವನ್ನು ಅದು ಈಜಿ ದಾಟಿತ್ತು. ಆರು ವರ್ಷಗಳ ದುಡಿಮೆ ನೀರುಪಾಲಾಯಿತು. ಹೆನ್ರಿ 1929ರಲ್ಲಿ ತೀರಿಕೊಂಡಾಗ ತನ್ನ ಪ್ರಯತ್ನದ ಫಲವನ್ನು ಕಂಡಿರಲಿಲ್ಲ.

ಓದುಗರೇ, ಕಥೆ ಅಲ್ಲಿಗೆ ಮುಗಿಯಲಿಲ್ಲ. ಶತ್ರುಗಳಿಲ್ಲದ ದ್ವೀಪಕ್ಕೆ ಹಕ್ಕಿಗಳನ್ನು ಸ್ಥಳಾಂತರಿಸುವ ಆತನ ಆಲೋಚನೆ ತಪ್ಪಾಗಿರಲಿಲ್ಲ. ದ್ವೀಪ ಮಾತ್ರ ತೀರಕ್ಕೆ ತೀರ ಹತ್ತಿರವಿತ್ತು. 1975ರಲ್ಲಿ ಫಿಯೋರ್ಡ್‌ಲ್ಯಾಂಡ್ ಪರ್ವತಗಳಲ್ಲಿ ಸಿಕ್ಕಿದ ಗಂಡು ಕಾಕಾಪೊವೊಂದಕ್ಕೆ ‘ರಿಚರ್ಡ್ ಹೆನ್ರಿ’ ಎಂದೇ ಹೆಸರಿಟ್ಟರು. 1977ರಲ್ಲಿ ಸ್ಟೀವರ್ಟ್ ದ್ವೀಪದಲ್ಲಿ ಇನ್ನಷ್ಟು ಹಕ್ಕಿಗಳು ಪತ್ತೆಯಾದವು. ಅಲ್ಲಿ ಬೆಕ್ಕುಗಳ ಬಾಯಿಗೆ ಬೀಳುತ್ತಿದ್ದ ಅವುಗಳನ್ನು ಸುರಕ್ಷಿತ ದ್ವೀಪಗಳಿಗೆ ಸಾಗಿಸಲಾಯಿತು. ಹಾಗಿದ್ದೂ 1995ರಲ್ಲಿ ಉಳಿದಿದ್ದವು ಕೇವಲ 51. ರಿಮು ಮರಗಳು ಹೇರಳವಾಗಿ ಕಾಯಿಬಿಡುವ ವರ್ಷಗಳಲ್ಲಷ್ಟೇ ಹೆಚ್ಚಾಗಿ ಮರಿಮಾಡುವ ಹಕ್ಕಿಗಳಿವು. ಕಾಯುವವರಿಗೆ ತಾಳ್ಮೆಯೇ ಬಂಡವಾಳ. 1998ರಲ್ಲಿ ಆ ಮುದಿ ‘ರಿಚರ್ಡ್ ಹೆನ್ರಿ’ ಮೂರು ಮರಿಗಳ ತಂದೆಯಾಗಿ, ಅಳಿದುಹೋಗಲಿದ್ದ ಪರ್ವತ ಸಂತತಿಯ ಕುಡಿಯನ್ನು ಉಳಿಸಿಕೊಟ್ಟು, 2010ರಲ್ಲಿ ಕಣ್ಮುಚ್ಚಿತು. 2022ರ ವೇಳೆಗೆ ಕಾಕಾಪೊಗಳ ಸಂಖ್ಯೆ 252ಕ್ಕೆ ಏರಿತ್ತು.

ಕೆಲವೇ ವರ್ಷಗಳ ಆತುರದಲ್ಲಿ ಮಾಡಿದ ಕೇಡನ್ನು ತಿದ್ದಲು ಒಂದು ಶತಮಾನವೂ ಸಾಲಲಿಲ್ಲ. ಆದರೂ ಸೋತವನೆಂದು ಕರೆಸಿಕೊಂಡ ಒಬ್ಬ ಮನುಷ್ಯನು ಬಿಟ್ಟುಹೋದ ದಾರಿಯಲ್ಲೇ ಮುಂದಿನವರು ನಡೆದರು. ನಾವು ಇಂದು ನೆಟ್ಟ ಸಸಿಗೆ, ಕಾಪಾಡಿದ ಕೆರೆಗೆ, ಕಡಿಯದೆ ಉಳಿಸಿದ ಮರಕ್ಕೆ ನಮ್ಮ ಜೀವಿತಕಾಲದಲ್ಲಿ ಫಲ ಕಾಣದಿರಬಹುದು. ಅದಕ್ಕಾಗಿ ಕೈಚೆಲ್ಲಬೇಕೇ? ಯೋಚಿಸಿ ನೋಡಿ.